ಬಾಣಂತಿಗೆ ನೀರಿನ ಸರದಿ

ಸಾಲಿಗ್ರಾಮದ ನೀರುಗಂಟಿ ದೇವರಿಗೆ ಹೆದರುತ್ತಾನೋ ಇಲ್ಲವೋ, ನನ್ನ ಸೋದರತ್ತೆಗಂತೂ ಹೆದರುತ್ತಾನೆ! ನಾಲೆಯ ನೀರು ನಮ್ಮ ಗದ್ದೆಗೆ ಬರುವ ಸರದಿ ಗಳಿಗೆ ತಪ್ಪಿದರೂ ಅವಳು ತೂಬಿನ ಮೇಲೆ ಕೂತುಬಿಡುವಳು. ಒಮ್ಮೆ ಕೂತಲ್ಲೇ ಸೊಪ್ಪು ಬಿಡಿಸಿ, ಬುತ್ತಿ ತರಿಸಿ ಉಂಡು, ಒಂದು ನಿದ್ದೆಯನ್ನೂ ತೆಗೆದಳು. ಇದನ್ನು ನಾನು ನೋಡಿದ್ದೇನೋ, ಕೇಳಿ ಕೇಳಿ ನೋಡಿದ ಹಾಗಾಗಿದೆಯೋ, ಆಣೆ ಮಾಡಲಾರೆ.

ಇಂಥವಳು ನನ್ನ ಬಾಣಂತನದಲ್ಲಿ ಕೊಟ್ಟ ನೀರೆಷ್ಟು? ದಿನಕ್ಕೆ ಅರ್ಧ ಚೊಂಬು! ಅದೂ ಕಾಯಿಸಿ, ಆರಿಸಿ. "ನೀರು ಕುಡುದ್ರೆ ಮೈ ಊತ್ಕತದೆ ಕಣವ್ವ" ಎನ್ನುವಳು. ಎಂ.ಎ. ಓದಿದ ನಾನು ಎದುರಾಡಲಿಲ್ಲವೇ? ಆಡಿದೆ ಎಂದು ನನ್ನ ಆಗಿನ ಡೈರಿಯಲ್ಲಿದೆ. ಕುರಿಮರಿಯ ಹಾಗೆ ಒಪ್ಪಿಕೊಂಡೆ ಎನ್ನುತ್ತಾಳೆ ಅಮ್ಮ.

ಹನ್ನೊಂದನೆಯ ದಿನ ತಲೆ ಸಿಡಿಯತೊಡಗಿತು. ಶೀತವೆಂದು ಅತ್ತೆ ತಲೆಗೆ ಇನ್ನೊಂದು ಬಟ್ಟೆ ಬಿಗಿದಳು. ಮರುದಿನ ಫಿಟ್ಸ್ ಬಂದು ಬಲಗೈ ಬಿದ್ದುಹೋಯಿತು. ಮಿದುಳಿನಿಂದ ರಕ್ತ ಇಳಿದುಬರುವ ಸಿರೆಯಲ್ಲಿ ಹೆಪ್ಪುಗಟ್ಟಿದೆ ಎಂದರು ಮೈಸೂರಿನ ಆಸ್ಪತ್ರೆಯಲ್ಲಿ. ಹೆಪ್ಪು ಬೆಳೆಯದಿರಲು ಔಷಧಿ ಕೊಟ್ಟರೂ ನನ್ನ ಪ್ರಜ್ಞೆ ಜಾರುತ್ತಲೇ ಹೋಯಿತು. ತೊಡೆಯ ಸಿರೆಯಿಂದ ಸಣ್ಣ ಕೊಳವೆ ಏರಿಸಿ ಹೆಪ್ಪನ್ನು ಹೊರಗೆಳೆಯುತ್ತೇವೆ, ಬದುಕುವ ಭರವಸೆ ಮಾತ್ರ ಕೊಡಲಾರೆವು ಎಂದರಂತೆ. ಇಲ್ಲಿಂದ ಮುಂದಿನದು ಅಮ್ಮ ಹೇಳಿದ್ದು. ಡೈರಿಯ ಆ ಪುಟಗಳು ಖಾಲಿ.

ಅತ್ತೆ ಡಾಕ್ಟರನ್ನೇ ಅಡ್ಡಗಟ್ಟಿದಳು. "ಕಾಯ್ಲೆ ತಲೇಲದೆ, ನೀವು ತೊಡೆಗೆ ಕೈ ಆಕ್ತೀನಿ ಅಂತೀರಲ್ಲ ಡಾಕ್ಟ್ರೇ?"

ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಾಲೆ ಕಟ್ಕಂಡದೆ. ಕೆಳಗಿಂದ ಓಗಿ ಊಳು ಎತ್ತುತೀರ. ಅಂಗನ್ನಿ ಮತ್ತೆ."

ಹೂಳು ಯಾಕೆ ಕಟ್ಟಿತೆಂದು ಕೇಳಿದ್ದೂ ಅವಳೇ. ಹೆರಿಗೆಯಾದ ಹೊಸದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದೇ ಇದೆ, ನೀರು ಕಡಿಮೆಯಾದರೆ ಅದು ಇನ್ನೂ ಹೆಚ್ಚು ಎಂದರು ಡಾಕ್ಟರು. ಅತ್ತೆ ಡಾಕ್ಟರಿಗೆ ದಾರಿ ಬಿಟ್ಟು ತಾನಾಗಿ ಪಕ್ಕಕ್ಕೆ ಸರಿದಳಂತೆ. ಇದನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ!

ಹೆಪ್ಪು ಹೊರಬಂತು. ನಾನು ಉಳಿದೆ, ಬಲಗೈ ಮಾತ್ರ ನಿಧಾನವಾಗಿ ಸ್ವಾಧೀನಕ್ಕೆ ಬಂತು. ಮನೆಗೆ ಮರಳಿದ ದಿನ ಅತ್ತೆ ತುಂಬಿದ ಚೊಂಬು ಹಿಡಿದು ಬಂದಳು. ಮಗು ನೋಡಲು ಬಂದಿದ್ದ ಪಕ್ಕದ ಮನೆಯ ಅಜ್ಜಿ, ಹಸಿ ಬಾಣಂತಿಗೆ ಇಷ್ಟು ನೀರೇ ಎಂದು ತಡೆದಳು. ಹುಟ್ಟಿದಾಗಿನಿಂದ ಒಂದು ತಪ್ಪನ್ನೂ ಒಪ್ಪದ ಅತ್ತೆ ಸೆಟೆದು ನಿಂತಳು.

"ನೀರು ಕೊಡ್ದೆ ಈ ಬಾಣಂತೀನ ಆಸ್ಪತ್ರೆಗಂಟ ಕಳಿಸಿದ್ದು ನಾನೇ ಕಣಕ್ಕ. ಬೈಯಾದಾದ್ರೆ ನನ್ನ ಬೈಯಿ. ಅಡ್ಡ ಬರಬ್ಯಾಡ."

ಅವಳ ಕಣ್ಣು ತುಂಬಿತ್ತೆಂದು ಆ ದಿನದ ಪುಟದಲ್ಲಿದೆ. ಎಡಗೈಯಲ್ಲಿ ಗೀಚಿದ ಆ ಸೊಟ್ಟ ಸಾಲನ್ನು ಎಷ್ಟು ನಂಬಲಿ? ಚೊಂಬಿನ ತಳ ಕಾಣುವವರೆಗೂ ಅವಳು ಕುಡಿಸಿದ್ದು ಮಾತ್ರ ನಿಜ. ನನ್ನ ಸೆರಗೆಲ್ಲ ಒದ್ದೆಯಾಗಿತ್ತು.