ಕಲಂ ಒಂಬತ್ತು: ಯಾರ ಹಾಗೆ?

ಆಟ ನೋಡಿ ಆಟಗಾರ್ತಿಯನ್ನು ಆರಿಸುವುದು ಪಕ್ಷಪಾತಕ್ಕೆ ಎಡೆಮಾಡಿಕೊಡುತ್ತದೆ ಎಂಬುದನ್ನು ಮಹಿಳಾ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಬಹಳ ಹಿಂದೆಯೇ ಕಂಡುಕೊಂಡಿತ್ತು. ಆದಕಾರಣ ಪ್ರತಿವರ್ಷ ಹೊಸ ಹುಡುಗಿಯರನ್ನು ತಂಡಗಳಿಗೆ ಹಂಚುವ ದಿನ, ತಂಡಗಳ ಮಾಲೀಕರು ಅರ್ಜಿಯ ಒಂಬತ್ತನೆಯ ಕಲಮನ್ನು ಮಾತ್ರ ಓದುತ್ತಿದ್ದರು. ಆ ಕಲಮಿನ ತಲೆಬರಹ ‘ಯಾರ ಹಾಗೆ?’ ಎಂದು. ಅಲ್ಲಿ ನಿವೃತ್ತಳಾದ ಒಬ್ಬ ಆಟಗಾರ್ತಿಯ ಹೆಸರೂ ಹೊಸ ಹುಡುಗಿ ಅವಳನ್ನು ಶೇಕಡಾ ಎಷ್ಟು ಹೋಲುತ್ತಾಳೆ ಎಂಬುದೂ ಇರಬೇಕು. ಎಪ್ಪತ್ತಕ್ಕೆ ಒಂದು ಕಡಿಮೆಯಾದರೂ ಅರ್ಜಿ ವಜಾ.

ಈ ಕಲಂ ತುಂಬುವವರು ಹೋಲಿಕೆ ಗುಮಾಸ್ತರೊಬ್ಬರೇ. ಒಕ್ಕೂಟದ ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಅವರ ಮೇಜು. ಮೇಜಿನ ಮೇಲೆ ಒಂದು ಅಳತೆ ಟೇಪು, ಒಂದು ಗಂಟೆ, ಮತ್ತು ‘ಮಾಜಿಗಳ ರಿಜಿಸ್ಟರು’. ಅದರಲ್ಲಿ ನಾನೂರ ಹನ್ನೆರಡು ಮಾಜಿ ಆಟಗಾರ್ತಿಯರಿದ್ದರು. ಒಬ್ಬಳು ನಿವೃತ್ತಳಾದ ದಿನ, ಬೀಳ್ಕೊಡುಗೆ ಸಭೆಯಲ್ಲಿ ಯಾರು ಯಾರು ಏನೇನು ಹೊಗಳುತ್ತಾರೋ ಅದನ್ನು ಅಕ್ಷರ ಬಿಡದೆ ರಿಜಿಸ್ಟರಿಗೆ ಇಳಿಸುವುದು ಪದ್ಧತಿ. ಎಷ್ಟು ಪಂದ್ಯ ಆಡಿದಳು, ಎಷ್ಟು ಸಲ ಚೆಂಡು ಬುಟ್ಟಿಗೆ ಬಿತ್ತು ಎಂಬುದನ್ನೂ ಬರೆದಿಡೋಣವೆಂದು ಹಿಂದೊಮ್ಮೆ ಯಾರೋ ಸೂಚಿಸಿದ್ದರು. ಕಪಾಟಿನಲ್ಲಿ ಜಾಗವಿಲ್ಲವೆಂದು ಅದನ್ನು ಕೈಬಿಡಲಾಯಿತು.

ಇಪ್ಪತ್ತಾರು ವರ್ಷದಲ್ಲಿ ಗುಮಾಸ್ತರು ಒಂದು ಕಲಮನ್ನೂ ಖಾಲಿ ಬಿಟ್ಟವರಲ್ಲ. ಕತ್ತು ಉದ್ದವಿದ್ದವಳು ‘ಗಾಳಿಪಟ’ದ ಹಾಗೆ. ನಿಂತಲ್ಲೇ ನಿಲ್ಲುವವಳು ‘ಕಂಬಕ್ಕ’ನ ಹಾಗೆ. ಪಕ್ಕದವರಿಗೆ ತಾಗಿ ಮೂಗಿನಲ್ಲಿ ರಕ್ತ ಬರಿಸುವವಳು ‘ಮೊಣಕೈ ಅತ್ತೆ’ಯ ಹಾಗೆ. ಈ ಕೆಲಸಕ್ಕೆ ಆಟ ನೋಡುವ ಅಗತ್ಯವಿರಲಿಲ್ಲ, ಅವರು ನೋಡಿಯೂ ಇರಲಿಲ್ಲ.

ಹಂಚಿಕೆಗೆ ನಾಲ್ಕು ದಿನ ಇರುವಾಗ ಒಬ್ಬ ಹುಡುಗಿ ತನ್ನ ಅಜ್ಜಿಯ ಜೊತೆ ಮೆಟ್ಟಿಲು ಹತ್ತಿ ಬಂದಳು. ಅರ್ಜಿ ಸರಿಯಾಗಿಯೇ ಇತ್ತು. ಮುಂದಿನ ವಾರ ಅವಳಿಗೆ ಇಪ್ಪತ್ತು ತುಂಬುತ್ತಿತ್ತು. ಇಪ್ಪತ್ತಾದ ಮೇಲೆ ಅರ್ಜಿ ಹಾಕುವಂತಿಲ್ಲ. ಅಂದರೆ ಈ ಸಲ ತಪ್ಪಿದರೆ ಜನ್ಮದಲ್ಲಿ ತಪ್ಪಿದಂತೆಯೇ.

ಗುಮಾಸ್ತರು ಅವಳ ಕತ್ತು ಅಳೆದರು. ಸಾಧಾರಣ. ಕೈ ಅಳೆದರು. ಸಾಧಾರಣ. ಬೇರೆ ದಾರಿಯಿಲ್ಲದೆ, “ಸ್ವಲ್ಪ ಆಡಿ ತೋರಿಸಮ್ಮ” ಎಂದು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಐವರು ಹುಡುಗಿಯರನ್ನು ಎದುರು ನಿಲ್ಲಿಸಿದರು.

ಹುಡುಗಿ ಚೆಂಡನ್ನು ತಂದು ಎದುರಾಳಿಯ ಕೈಗೇ ಕೊಟ್ಟಳು. ಆ ಎದುರಾಳಿ ಕಕ್ಕಾಬಿಕ್ಕಿಯಾಗಿ ನಿಂತಾಗ ಅದನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಹೋಗಿ ಬುಟ್ಟಿಗೆ ಹಾಕಿದಳು. ಎರಡನೇ ಸಲವೂ ಹಾಗೇ. ಮೂರನೇ ಸಲ ಎದುರಾಳಿ ಚೆಂಡು ಬೇಡವೆಂದು ಕೈ ಹಿಂದೆ ಕಟ್ಟಿಕೊಂಡಳು. ಹುಡುಗಿ ಆಗಲೂ ಬುಟ್ಟಿಗೆ ಹಾಕಿದಳು. ಗುಮಾಸ್ತರು ಟೇಪು ಕೈಯಲ್ಲಿ ಹಿಡಿದುಕೊಂಡೇ ಮುಕ್ಕಾಲು ಗಂಟೆ ನಿಂತುಬಿಟ್ಟರು. ಬ್ಯಾಸ್ಕೆಟ್‌ಬಾಲ್ ಇಷ್ಟು ಚೆನ್ನಾಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೋಣೆಗೆ ಬಂದು ರಿಜಿಸ್ಟರನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ತಿರುವಿದರು. ಯಾರೂ ಹೊಂದಲಿಲ್ಲ.

“ಇವಳು ಯಾರ ಹಾಗೂ ಇಲ್ಲ ಅಜ್ಜಿ,” ಎಂದರು ಸಂಕಟದಿಂದ.

“ಹಾಗಂದ್ರೆ ಒಳ್ಳೇದಲ್ವೇನಪ್ಪಾ?”

“ಒಳ್ಳೇದೇ. ಆದ್ರೆ ಅದಕ್ಕೆ ಕಲಂ ಇಲ್ಲ.”

ಗುಮಾಸ್ತರು ಕಡತ ಹಿಡಿದು ಮುಖ್ಯಾಧಿಕಾರಿಗಳ ಬಳಿ ಹೋದರು. ಮುಖ್ಯಾಧಿಕಾರಿಗಳು ಕಡತ ತೆರೆಯದೆಯೇ ಸಮಸ್ಯೆಯನ್ನು ಅರ್ಥಮಾಡಿಕೊಂಡರು.

“ಕಂಬಕ್ಕ ಅಂತ ಬರೀರಿ.”

“ಕಂಬಕ್ಕ ಹನ್ನೊಂದು ವರ್ಷ ಒಂದೇ ಜಾಗದಲ್ಲಿ ನಿಂತಿದ್ರು ಸಾರ್. ಈ ಹುಡುಗಿ ಒಂದು ಕ್ಷಣ ನಿಲ್ಲಲ್ಲ.”

“ಕಂಬಕ್ಕ ಓಡಿದ್ರೆ ಹೇಗೆ ಓಡ್ತಿದ್ರೋ ಹಾಗೆ ಅಂತ ಬರೀರಿ. ಅವರನ್ನ ಕರೆಸಿ, ಶಿಫಾರಸು ತಗೊಳ್ಳಿ.”

ಇದು ನಿಯಮ ಇಪ್ಪತ್ತೆರಡರ ಮಾತು. ಹೋಲಿಕೆಗೆ ಒಳಗಾದ ಮಾಜಿ ಆಟಗಾರ್ತಿ ಖುದ್ದಾಗಿ ಬಂದು ಅಭ್ಯರ್ಥಿಯನ್ನು ನೋಡಿ, ಮನಸ್ಸಿಗೆ ಬಂದರೆ ಐದು ಶೇಕಡಾದವರೆಗೆ ಸೇರಿಸಬಹುದು. ಹಾಗೆ ಬಂದ ಮಾಜಿಗೆ ಕೈಯಿರುವ ಕುರ್ಚಿ ಮತ್ತು ಒಂದು ಕಪ್ ಚಹಾ ಕೊಡತಕ್ಕದ್ದು. ಅಭ್ಯರ್ಥಿ ನಿಂತಿರತಕ್ಕದ್ದು.

ಕಂಬಕ್ಕ ಬಂದರು, ಕುರ್ಚಿ ತುಂಬ ಕೂತರು, ಚಹಾ ಕುಡಿದರು, ಕಿಟಕಿಯಿಂದ ಹುಡುಗಿಯ ಆಟ ನೋಡಿದರು.

“ಇಲ್ಲಪ್ಪ, ನನ್ನ ಹಾಗಿಲ್ಲ,” ಎಂದರು. “ಇವಳು ಆಡ್ತಾಳೆ.”

ಅವರು ಎದ್ದು ಹೋದರು. ಹಂಚಿಕೆಗೆ ಎರಡೇ ದಿನ ಉಳಿದಿತ್ತು. ಗುಮಾಸ್ತರು ತಲೆ ಮೇಲೆ ಕೈ ಹೊತ್ತು ಕೂತು, ಕಡೆಗೆ ಇಪ್ಪತ್ತಾರು ವರ್ಷದಲ್ಲಿ ಯಾವ ಅಭ್ಯರ್ಥಿಗೂ ಕೇಳದ ಪ್ರಶ್ನೆ ಕೇಳಿದರು.

“ನೀನೇ ಹೇಳಮ್ಮ, ನೀನು ಯಾರ ಹಾಗೆ ಆಡ್ತೀಯ?”

“ನನ್ನ ಹಾಗೇ ಸಾರ್,” ಎಂದಳು ಹುಡುಗಿ.

ಗುಮಾಸ್ತರು ನಿಯಮಾವಳಿ ತೆಗೆದರು. ಅಭ್ಯರ್ಥಿಯನ್ನು ಅವಳಿಗೇ ಹೋಲಿಸಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಹೋಲಿಸಲ್ಪಡುವವಳು ಮಾಜಿಯಾಗಿರಬೇಕು, ಅಷ್ಟೇ. ನಿವೃತ್ತಿಯ ಅಧ್ಯಾಯ ತೆಗೆದರು. ಆಟಗಾರ್ತಿ ಯಾವಾಗ ಬೇಕಾದರೂ ನಿವೃತ್ತಳಾಗಬಹುದು ಎಂದಿತ್ತು. ಅದಕ್ಕೆ ಮೊದಲು ಆಡಿರಬೇಕು ಎಂದಿರಲಿಲ್ಲ. ನಿವೃತ್ತಳಾದವಳು ಹೊಸದಾಗಿ ಅರ್ಜಿ ಹಾಕಬಾರದೆಂದೂ ಇರಲಿಲ್ಲ. ನಿಯಮ ಚಾಪೆ ಕೆಳಗೆ ತೂರಿದರೆ ಗುಮಾಸ್ತರು ರಂಗೋಲಿ ಕೆಳಗೆ ತೂರಿದ್ದರು.

“ಹಾಗಾದ್ರೆ ನಾಳೆ ಹನ್ನೊಂದು ಗಂಟೆಗೆ ನಿವೃತ್ತಿ ಆಗ್ಬಿಡಮ್ಮ,” ಎಂದರು. “ಬರೋವಾಗ ಒಂದು ಫೋಟೋ ತಗೊಂಡು ಬಾ.”

ಮರುದಿನ ಕೆಳಗಿನ ಸಭಾಂಗಣದಲ್ಲಿ ಬೀಳ್ಕೊಡುಗೆ ಸಮಾರಂಭ ವಿಧಿವತ್ತಾಗಿ ನೆರವೇರಿತು. ಮುಖ್ಯಾಧಿಕಾರಿಗಳು ಹೂಗುಚ್ಛ ಮತ್ತು ಗೋಡೆ ಗಡಿಯಾರ ಕೊಟ್ಟರು. ಇವಳು ಸೋಲನ್ನೇ ಕಾಣದವಳು ಎಂದರು. ಒಕ್ಕೂಟದ ಪತ್ರಿಕಾ ಪ್ರತಿನಿಧಿಗಳು, ಇವಳು ಗಾಳಿಯಲ್ಲಿ ನಡೆಯುತ್ತಿದ್ದಳು, ನೆಲ ಇವಳಿಗೆ ಬರೀ ನೆಪವಾಗಿತ್ತು ಎಂದರು. ಇಂಥವಳು ಮತ್ತೆ ಹುಟ್ಟುವುದಿಲ್ಲ ಎಂದು ಮೂವರು ಹೇಳಿದರು. ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ನಿಜವಾಗಿಯೂ ಅತ್ತಳು. ಹುಡುಗಿಯ ಕಣ್ಣಂಚೂ ಒದ್ದೆಯಾಯಿತು. ಎರಡು ಮಾತಾಡಿ ಎಂದಾಗ ಅವಳು, “ಇನ್ನು ಹೊಸಬರಿಗೆ ಜಾಗ ಬಿಡಬೇಕು ಅನ್ನಿಸ್ತು,” ಎಂದಳು. ಚಪ್ಪಾಳೆ ಬಹಳ ಹೊತ್ತು ಮೊಳಗಿತು.

ಗುಮಾಸ್ತರು ಎಲ್ಲವನ್ನೂ ಅಕ್ಷರ ಬಿಡದೆ ಬರೆದುಕೊಂಡರು. ನಾನೂರ ಹದಿಮೂರನೆಯ ಮಾಜಿ ರಿಜಿಸ್ಟರು ಸೇರಿದಳು, ಅವಳ ಫೋಟೋ ಮೆಟ್ಟಿಲ ಗೋಡೆಗೆ ಏರಿತು. ಮಧ್ಯಾಹ್ನ ಮೂರಕ್ಕೆ ಹುಡುಗಿ ಅದೇ ಮೆಟ್ಟಿಲು ಹತ್ತಿ ಹೊಸ ಅರ್ಜಿ ಕೊಟ್ಟಳು.

ಹೋಲಿಕೆ ಶುರುವಾಯಿತು. ಗುಮಾಸ್ತರು ಕೆಲಸದಲ್ಲಿ ಕಟ್ಟುನಿಟ್ಟು. ಒಂದೊಂದೇ ವಾಕ್ಯ ಓದಿ ಅಭ್ಯರ್ಥಿಯನ್ನು ತಲೆಯಿಂದ ಕಾಲವರೆಗೆ ನೋಡಿ ಅಂಕ ಹಾಕಿದರು. ಮಾಜಿ ಸೋಲನ್ನೇ ಕಾಣದವಳು. ಅಭ್ಯರ್ಥಿ ಹೋದ ವಾರ ಇಸ್ಪೀಟಿನಲ್ಲಿ ಅಜ್ಜಿಯ ಕೈಲಿ ಸೋತಿದ್ದಾಳೆ. ಮಾಜಿ ಗಾಳಿಯಲ್ಲಿ ನಡೆಯುತ್ತಿದ್ದಳು. ಅಭ್ಯರ್ಥಿ ಎರಡು ಮಹಡಿ ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಾಳೆ. ಮಾಜಿಯಂಥವಳು ಮತ್ತೆ ಹುಟ್ಟುವುದಿಲ್ಲ. ಅಭ್ಯರ್ಥಿ ಹುಟ್ಟಿರುವುದಕ್ಕೆ ಪ್ರಮಾಣಪತ್ರವೇ ಲಗತ್ತಾಗಿದೆ. ಕೂಡಿದಾಗ ಶೇಕಡಾ ಅರವತ್ತೆಂಟು ಬಂತು. ಇನ್ನೊಮ್ಮೆ ಕೂಡಿದರು. ಅರವತ್ತೆಂಟೇ.

“ಹಿಂದಿನವಳ ಮಟ್ಟ ಇವಳಿಗಿಲ್ಲ, ನನಗೆ ಮೊದಲೇ ಅನುಮಾನ ಇತ್ತು,” ಎಂದರು ಮುಖ್ಯಾಧಿಕಾರಿಗಳು.

“ಸಾರ್, ಅವಳೇ ಇವಳು.”

“ಹೆಸರು ಒಂದೇ ಆದ್ರೆ ಆಟಾನೂ ಒಂದೇ ಆಗುತ್ತೇನ್ರೀ? ನೀವು ಅನುಭವಸ್ಥರು, ಹೀಗೆಲ್ಲ ಮಾತಾಡಬಾರದು.”

ಅಜ್ಜಿ ಮಾತ್ರ, “ಸತ್ತ ಎಮ್ಮೆಗೆ ಹಾಲು ಹೆಚ್ಚು,” ಎಂದು ಗೊಣಗಿದಳು. ಅದು ಕಡತಕ್ಕೆ ಸಂಬಂಧಿಸಿದ ಮಾತಲ್ಲವಾದ್ದರಿಂದ ಯಾರೂ ಬರೆದುಕೊಳ್ಳಲಿಲ್ಲ.

ಉಳಿದದ್ದು ನಿಯಮ ಇಪ್ಪತ್ತೆರಡು. ಎರಡೇ ಎರಡು ಶೇಕಡಾ. ಗುಮಾಸ್ತರು ಮಾಜಿ ಆಟಗಾರ್ತಿಯನ್ನು ಗೌರವಪೂರ್ವಕವಾಗಿ ಬರಮಾಡಿಕೊಂಡು ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು. ಚಹಾ ಬಂತು. ಇದುವರೆಗೆ ‘ಹೇಳಮ್ಮ’ ಎನ್ನುತ್ತಿದ್ದವರು, “ತಾವು ಅಭ್ಯರ್ಥಿಯನ್ನ ನೋಡಿದ್ದೀರಾ ಮೇಡಂ?” ಎಂದು ಕೇಳಿದರು.

ಹುಡುಗಿ ಚಹಾ ಗುಟುಕರಿಸಿದಳು. ಕುರ್ಚಿ ಹಿತವಾಗಿತ್ತು. ಕುರ್ಚಿಯ ಕೈ ಮೇಲೆ ಕೈಯಿಟ್ಟು ಹಿಂದಕ್ಕೆ ಒರಗಿದಳು.

“ನೋಡಿದ್ದೀನಿ. ಪರವಾಗಿಲ್ಲ. ಆದ್ರೆ ನಮ್ಮ ಕಾಲದ ಹಾಗಲ್ಲ.”

ಗುಮಾಸ್ತರು ಅರ್ಜಿಯನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದರು. “ಎಷ್ಟು ಕೊಡಬಹುದು ಅಂತೀರಿ?”

“ಒಂದು ಕೊಡಬಹುದು.”

“ಎರಡು ಹಾಕೇ!” ಎಂದು ಅಜ್ಜಿ ಬಾಗಿಲಿಂದಲೇ ಕೂಗಿದಳು. “ನಿಂದೇ ಕಣೇ ಬದುಕು!”

“ಹೀಗೆ ಸುಮ್ಮಸುಮ್ಮನೆ ಕೊಡ್ತಾ ಹೋದ್ರೆ ಹೊಸಬರಿಗೆ ಕಷ್ಟ ಅಂದ್ರೇನು ಅಂತ ಗೊತ್ತಾಗಲ್ಲ ಅಜ್ಜಿ,” ಎಂದಳು ಹುಡುಗಿ. ಆಮೇಲೆ ಪೆನ್ನು ತುಸು ಹೊತ್ತು ಕಚ್ಚಿಕೊಂಡಿದ್ದು, ಅಭ್ಯರ್ಥಿಯ ಅಜ್ಜಿಗೆ ವಯಸ್ಸಾಗಿರುವುದನ್ನು ಪರಿಗಣಿಸಿ ಎರಡು ಎಂದು ಬರೆದು ಸಹಿ ಹಾಕಿದಳು. ಸಹಿ ಹಾಕಿ ಎದ್ದು ಹೋಗಿ ಮೇಜಿನ ಈಚೆ ನಿಂತಳು. “ಥ್ಯಾಂಕ್ಸ್ ಮೇಡಂ,” ಎಂದು ಖಾಲಿ ಕುರ್ಚಿಗೆ ಹೇಳಿದಳು.

ಹಂಚಿಕೆಯಲ್ಲಿ ಎಲ್ಲರ ಕೊನೆಗೆ ಅವಳನ್ನು ಒಂದು ತಂಡ ತೆಗೆದುಕೊಂಡಿತು. ಬೇಕಾದ ಎಪ್ಪತ್ತನ್ನು ಹೇಗೋ ಮುಟ್ಟಿದವಳ ಮೇಲೆ ಯಾರಿಗೂ ಹೆಚ್ಚಿನ ನಿರೀಕ್ಷೆ ಇರಲಿಲ್ಲ.

ಮೊದಲ ಪಂದ್ಯಕ್ಕೆ ಗುಮಾಸ್ತರು ರಜೆ ಹಾಕಿ, ಟಿಕೆಟು ಕೊಂಡು, ಅಜ್ಜಿಯ ಪಕ್ಕದಲ್ಲಿ ಕೂತರು. ಹುಡುಗಿ ಒಬ್ಬಳೇ ನಲವತ್ತೊಂದು ಅಂಕ ಗಳಿಸಿದಳು. ಎದುರು ತಂಡದವರು ಆಟದ ಕೊನೆಗೆ ಅವಳು ಚೆಂಡು ಕೊಟ್ಟಾಗಲೆಲ್ಲ ವಂದನೆ ಹೇಳಿ ವಾಪಸು ಕೊಡುತ್ತಿದ್ದರು. ಜನ ಎದ್ದು ನಿಂತು ಕೂಗಿದರು. ಗುಮಾಸ್ತರೂ ಕೂಗಿದರು, ಗಂಟಲು ಬಿದ್ದುಹೋಗುವಷ್ಟು.

ಪಂದ್ಯ ಮುಗಿದು ಹುಡುಗಿ ಬೆವರು ಒರೆಸಿಕೊಳ್ಳುತ್ತ ಬಂದಾಗ ಅಜ್ಜಿ ಅವಳ ಬೆನ್ನು ಸವರಿದಳು. ಇಸ್ಪೀಟು ಆಡುವ ಮುದುಕಿಯರಿಗೆಲ್ಲ ಆ ಬೀಳ್ಕೊಡುಗೆ ಭಾಷಣ ಹೇಳಿ ಹೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು.

“ಚೆನ್ನಾಗೇ ಆಡಿದೆ ಕಣೇ,” ಎಂದಳು. ಆಮೇಲೆ ನಿಟ್ಟುಸಿರು ಬಿಟ್ಟು ಗುಮಾಸ್ತರ ಕಡೆ ತಿರುಗಿದಳು. “ಆದ್ರೂ ಆ ಹಳೇ ಹುಡುಗಿ ಇದ್ಳಲ್ಲಪ್ಪಾ…”

“ಅವರ ಮಾತೇ ಬೇರೆ ಬಿಡಿ,” ಎಂದರು ಗುಮಾಸ್ತರು.

“ನಾನೂ ಅದನ್ನೇ ಹೇಳೋಣ ಅಂತಿದ್ದೆ,” ಎಂದಳು ಹುಡುಗಿ. ಮೂವರೂ ಸ್ವಲ್ಪ ಹೊತ್ತು ಆ ಮಹಾ ಆಟಗಾರ್ತಿಯನ್ನು ನೆನೆದು ಸುಮ್ಮನಿದ್ದರು.