ತುರ್ಕಿ ಅಂಗಡಿಯಲ್ಲಿ ನಮ್ಮ ತಪಸ್ಸುಕಾಲ

ಎಲ್ಲವನ್ನೂ ಬರೆದಿಡುವವರ ಮನೆಯಲ್ಲೇ ಬರೆಯಲು ಕೈ ಬಾರದಂಥವು ನಡೆಯುತ್ತಿರುತ್ತವೆ. ನಾನು ರಸಾಯನಶಾಸ್ತ್ರದ ಬಿ.ಎಸ್ಸಿ., ಪ್ರಥಮ ದರ್ಜೆ. ದೋಹಾದ ಆಫೀಸೊಂದರಲ್ಲಿ ಮೂವತ್ತು ವರ್ಷ ಫೈಲು ನೋಡಿಕೊಂಡವಳು. ಕೆಲಸ ಬಿಟ್ಟ ಮೇಲೆ ಮನೆಗೇ ಒಂದು ನೀಲಿ ಪುಸ್ತಕ ಇಟ್ಟೆ. ಯಾರು ಎಲ್ಲಿ ಏನು ತಿಂದರು, ರುಚಿ ಹೇಗಿತ್ತು, ಎಲ್ಲ ಅದರಲ್ಲಿದೆ.

ತಪಸ್ಸುಕಾಲದ ನಲವತ್ತು ದಿನ ನಮ್ಮಲ್ಲಿ ಮಾಂಸವಿಲ್ಲ. ಆಗ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಒಂದು ಕಾಲಂ. ತಪ್ಪಿದವರಿಗೆ ಈಸ್ಟರ್ ದಿನ ಇಪ್ಪತ್ತು ಜನ ಅತಿಥಿಗಳ ಎದುರು ಮಾಂಸದೂಟವಿಲ್ಲ, ಬರೀ ಗಂಜಿ. ನಿಯಮ ನನ್ನದೇ. ಕಳೆದ ವರ್ಷ ನಮ್ಮವರು ಯಾರದೋ ಮನೆಯಲ್ಲಿ ಕೋಳಿಯ ತುಂಡುಗಳನ್ನು ಬದಿಗಿಟ್ಟು, ರಸಕ್ಕೆ ಚಪಾತಿ ಅದ್ದಿ ತಿಂದು ಬಂದರು. “ತುಂಡು ಮುಟ್ಟಲಿಲ್ಲ ಮಾರಾಯ್ತಿ, ರಸ ಮಾತ್ರ” ಎಂದರು. ಅಂದೇ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದೆ: ರಸವೂ ಮಾಂಸವೇ. ಅವರು ಗಂಜಿ ಉಂಡರು. ನನ್ನ ಕಾಲಮಿನಲ್ಲಿ ಅದುವರೆಗೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ಈ ಸಲ ನಮ್ಮ ತಪಸ್ಸುಕಾಲವೂ ಇಲ್ಲಿಯವರ ರಂಜಾನೂ ಒಟ್ಟಿಗೇ ಬಂದವು. ಮದೀನತ್ ಖಲೀಫಾದಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ತುರ್ಕಿ ಅಂಗಡಿಯಿದೆ. ಸಂಜೆ ಗಾಳಿಯಲ್ಲಿ ತೇಲುವ ಧೂಳಿಗೆ ಬಂಗಾರದ ಬಣ್ಣ ಬರುತ್ತದೆ, ಒಲೆಯಿಂದ ರೊಟ್ಟಿಯ ಪರಿಮಳ ಬೀದಿಗೆ ಇಳಿಯುತ್ತದೆ. ಬಿಸಿಬಿಸಿ ತಿಂಡಿ ಕೈಯಲ್ಲಿ ಹಿಡಿದು ಜನ ಬಾಂಗಿಗಾಗಿ ಕಾಯುತ್ತಾರೆ. ಯಾರೂ ಮಾತಾಡುವುದಿಲ್ಲ. ಆ ಐದು ನಿಮಿಷ ಊರಿಗೆ ಊರೇ ಕನಸು ಕಾಣುತ್ತಿದೆಯೇನೋ ಅನ್ನಿಸುತ್ತದೆ. ಆ ಸಾಲಿನಲ್ಲಿ ನಾನು, ನಮ್ಮವರು, ಹತ್ತು ವರ್ಷದ ಮೊಮ್ಮಗಳು.

ಅಂಗಡಿಯವರನ್ನು ಎಲ್ಲರೂ ‘ಉಸ್ತಾ’ ಎನ್ನುತ್ತಾರೆ, ನಾವು ಮೇಸ್ತ್ರಿ ಎಂದ ಹಾಗೆ. ಅವರಿಗೆ ನಾನು ‘ಟೇಜೆ’, ಅಂದರೆ ಚಿಕ್ಕಮ್ಮ. ನನಗೂ ಉಪವಾಸವೆಂದು ತಿಳಿದ ದಿನದಿಂದ, ಬಾಂಗ್ ಆದೊಡನೆ ಬೇಳೆ ಸೂಪಿನ ಮೊದಲ ಲೋಟ ನನ್ನ ಕೈಗೇ ಬರುತ್ತಿತ್ತು.

ಎಳ್ಳಿನ ಬಳೆ

ಸಿಮಿತ್ ಎಂದರೆ ದೊಡ್ಡ ಕೋಡುಬಳೆಯಂಥ ರೊಟ್ಟಿ. ಮೈತುಂಬ ಹುರಿದ ಎಳ್ಳು, ಹೊರಗೆ ಗರಿಗರಿ, ಒಳಗೆ ಹತ್ತಿ. ಒಂದು ಶುಕ್ರವಾರ ಸಂಜೆ ಇಗರ್ಜಿಗೆ ಹೋಗುವ ದಾರಿಯಲ್ಲಿ ಒಂದನ್ನು ಕೊಂಡು, ಪೂಜೆ ಮುಗಿಯುವವರೆಗೆ ಮುಟ್ಟಬಾರದೆಂದು ಮೊಮ್ಮಗಳಿಗೆ ಹೇಳಿದೆ. ಅವಳು ಅದನ್ನು ಕೈಗೆ ತೊಟ್ಟು ತೋಳಿನೊಳಗೆ ಸರಿಸಿಕೊಂಡಳು. ಮೊಣಕಾಲೂರಿದಾಗ ಬೆಂಚಿನುದ್ದಕ್ಕೂ ಎಳ್ಳು. ಹೊರಗೆ ಬಂದು ನೋಡಿದರೆ ಬರಿಗೈ. ಬಳೆ ಎಲ್ಲಿ ಎಂದೆ.

“ಸೆರ್ಮನ್ ತುಂಬ ಲಾಂಗ್ ಇತ್ತು, ಅಜ್ಜಿ” ಎಂದಳು.

ಪುಸ್ತಕದಲ್ಲಿ ಬರೆದೆ: ಮಾಂಸ ಇಲ್ಲ. ರುಚಿ ತಿಳಿದುಬಂದಿಲ್ಲ.

ಸಾಕು ಎನ್ನಬೇಕಾದವರು ಯಾರು

ಮೀನು, ಚಿಪ್ಪು ನಮ್ಮ ನಿಯಮಕ್ಕೆ ಹೊರಗೆ, ತಿನ್ನಬಹುದು. ಉಸ್ತಾ ಒಂದು ಸಂಜೆ ಪಚ್ಚಿಲೆ ಚಿಪ್ಪು ತಂದಿದ್ದರು. ಚಿಪ್ಪಿನೊಳಗೆ ಕರಿಮೆಣಸು, ದಾಲ್ಚಿನ್ನಿ, ಸಣ್ಣ ಒಣದ್ರಾಕ್ಷಿ ಬೆರೆಸಿದ ಅನ್ನ, ಮೇಲೆ ನಿಂಬೆ. ಬಾಯಿಗಿಟ್ಟರೆ ಸಮುದ್ರ ತಾನಾಗಿಯೇ ಮನೆಗೆ ಬಂದ ಹಾಗೆ.

ತಿನ್ನುವವರು ಸಾಕು ಎನ್ನುವವರೆಗೆ ಒಂದೊಂದೇ ಬಿಡಿಸಿ ಕೈಗಿಡುವುದು ಅವರ ಪದ್ಧತಿ. ಬಡಿಸುವವರು ನಿಲ್ಲಿಸುವ ಮೊದಲು ಸಾಕು ಎನ್ನುವುದು ಅವಮಾನ ಎಂದು ನಮ್ಮವರಿಗೆ ಅವರ ತಾಯಿ ಕಲಿಸಿದ್ದರು. ಇಬ್ಬರೂ ಮರ್ಯಾದಸ್ಥರು. ಇವರು ನಗುತ್ತ ತಿಂದರು, ಅವರು ನಗುತ್ತ ಕೊಟ್ಟರು. ಇವರ ನಗು ಸಣ್ಣದಾಗುತ್ತ ಬಂತು. ಕೊನೆಗೆ ತಟ್ಟೆ ಖಾಲಿಯಾದಾಗ ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು. ಮನೆಗೆ ಬರುವಾಗ ನಮ್ಮವರು ಮೆಲ್ಲಗೆ, “ಪಾಪ, ಬಡಿಸಿ ಬಡಿಸಿ ಸುಸ್ತಾಗಿದ್ದರು” ಎಂದರು.

ಕೆಂಪು ಉಂಡೆ

ಮರುವಾರ ನಾನು ತಡವಾಗಿ ಹೋದಾಗ ನಮ್ಮವರು ಕಟ್ಟೆಯ ಮೂಲೆಯಲ್ಲಿ ಬೆನ್ನು ಮಾಡಿ ನಿಂತು ಏನೋ ತಿನ್ನುತ್ತಿದ್ದರು. ಎಲೆಕೋಸಿನಂಥ ಹಸಿರೆಲೆಯೊಳಗೆ ಬೆರಳಚ್ಚು ಮೂಡಿದ ಕೆಂಪು ಉಂಡೆ, ಮೇಲೆ ದಾಳಿಂಬೆಯ ಹುಳಿ ಪಾಕ. ನೋಡಿದರೆ ಹಸಿ ಕೈಮಾ.

ಗೋಧಿನುಚ್ಚು ಎಂದರು. ಇವರು ಹೇಳಿದ ನುಚ್ಚುಗಳನ್ನೆಲ್ಲ ನಾನು ನಲವತ್ತು ವರ್ಷದಿಂದ ಕೇಳಿದ್ದೇನೆ. ಒಂದು ಉಂಡೆ ಟಿಶ್ಯೂವಿನಲ್ಲಿ ಸುತ್ತಿ ತಂದು, ಔಷಧಿ ಪೆಟ್ಟಿಗೆಯ ಅಯೋಡಿನ್ ಎರಡು ಹನಿ ಬಿಟ್ಟೆ. ಹಿಟ್ಟಿನಂಶ ಇದ್ದರೆ ಕಪ್ಪುನೀಲಿಯಾಗಬೇಕು. ಅಮಾವಾಸ್ಯೆಯ ಹಾಗೆ ಕಪ್ಪಾಯಿತು. ಹಿಂದಿನ ಕಾಲದಲ್ಲಿ ಹಸಿಮಾಂಸ ಹಾಕುತ್ತಿದ್ದರಂತೆ, ಈಗ ಅಂಗಡಿಯಲ್ಲಿ ಬರೀ ನುಚ್ಚು, ಟೊಮೆಟೊ, ಮೆಣಸು ನಾದುತ್ತಾರೆ ಎಂದು ಮರುದಿನ ಕೇಳಿದಾಗ ಉಸ್ತಾ ಎದೆಯ ಮೇಲೆ ಕೈಯಿಟ್ಟು ಹೇಳಿದರು.

ನಮ್ಮವರ ಕಾಲಮಿನಲ್ಲಿ ಆಗಲೇ ಬರೆದಿದ್ದ ತಪ್ಪನ್ನು ಹೊಡೆದು ಹಾಕಿದೆ. ಅವರು ಕನ್ನಡಕ ಹಾಕಿಕೊಂಡು ಬಂದು ನೋಡಿ, ಹೊಡೆದು ಹಾಕಿದಲ್ಲಿ ಸಹಿ ಬೇಕು ಎಂದರು.

ಮೊದಲ ಲೋಟ

ರಂಜಾನ್ ಮುಗಿದರೂ ನಮಗೆ ಇನ್ನೂ ಎರಡು ವಾರ ಉಳಿದಿತ್ತು. ಉಸ್ತಾ ನನ್ನ ಸೂಪು ನಿಲ್ಲಿಸಲಿಲ್ಲ. ಮಸೂರ್ ಬೇಳೆ, ಒಣಪುದೀನ, ಬೆಣ್ಣೆಯಲ್ಲಿ ಅರಳಿದ ಮೆಣಸಿನಪುಡಿ. ಲೋಟದ ಹಬೆಯಲ್ಲಿ ಬೀದಿದೀಪಗಳು ಕರಗುತ್ತಿದ್ದವು. ಕಣ್ಣು ಮುಚ್ಚಿ ಕುಡಿಯುತ್ತಿದ್ದೆ. ತಪಸ್ಸು ಇಷ್ಟು ರುಚಿಯಾಗಿರಬಹುದೆಂದು ಗೊತ್ತೇ ಇರಲಿಲ್ಲ.

ಈಸ್ಟರ್ ಹಿಂದಿನ ದಿನ, ಪವಿತ್ರ ಶನಿವಾರ, ನಿಷ್ಕಳಂಕವಾದ ನನ್ನ ಕಾಲಂ ಹೊತ್ತ ಪುಸ್ತಕದೊಂದಿಗೆ, ನಮ್ಮವರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ಸೂಪು ಮಾಡುವ ಕ್ರಮ ಕೇಳಿದೆ. ಅವರು ಅರಬಿ, ಹಿಂದಿ ಬೆರೆಸಿ ಹೇಳಿದ ಹಾಗೆ ಬರೆದುಕೊಂಡೆ. ಬೇಳೆ, ಈರುಳ್ಳಿ, ಕ್ಯಾರೆಟ್, ಕುರಿಮೂಳೆ ಕುದಿಸಿದ ನೀರು. ಕೈ ಬರೆದಾದ ಮೇಲೆ ತಲೆಗೆ ತಲುಪಿತು.

“ಬೇರೆಯವರಿಗೆ ಒಂದು ಮೂಳೆ” ಎಂದರು ಉಸ್ತಾ. “ಟೇಜೆಗೆ ಉಪವಾಸ, ಶಕ್ತಿ ಬೇಕು. ನಿಮಗೆ ಮೂರು.”

ಮೊಮ್ಮಗಳು ಪುಟ ತಿರುಗಿಸಿ ಕೆಂಪು ಶಾಯಿಯ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಇಡೀ ವರ್ಷದಲ್ಲಿ ಅವಳು ತಪ್ಪಿಲ್ಲದೆ ಓದಿದ ಕನ್ನಡ ಅದೊಂದೇ. ನಮ್ಮವರು ಮರುದಿನದ ಊಟಕ್ಕೆ ಉಸ್ತಾರನ್ನು ಕರೆದರು, ಅಷ್ಟೇ.

ಈಸ್ಟರ್ ಮಧ್ಯಾಹ್ನ ಇಪ್ಪತ್ತು ತಟ್ಟೆಗಳಲ್ಲಿ ಕುರಿಮಾಂಸ, ನನ್ನೆದುರು ಗಂಜಿ. ನನ್ನ ಸಹಿಯ ನಿಯಮ, ತಲೆಯೆತ್ತಿಯೇ ಕುಳಿತೆ. ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಆಗ ದೊಡ್ಡ ಫ್ಲಾಸ್ಕ್ ಹಿಡಿದು ಉಸ್ತಾ ಬಂದರು. ನನ್ನ ಬಟ್ಟಲು ನೋಡಿ ಅವರ ಮುಖ ಬಾಡಿತು.

“ಟೇಜೆ, ಉಪವಾಸ ಇನ್ನೂ ಖಲಾಸ್ ಆಗಲಿಲ್ಲವೇ?”

ಮರುಕ್ಷಣವೇ ಫ್ಲಾಸ್ಕಿನ ಸೂಪು ಗಂಜಿಯ ಮೇಲೆ ಸುರಿದಿತ್ತು. ಪುದೀನದ ಪರಿಮಳ ಎದ್ದಿತು. ತಡೆಯಬಹುದಿತ್ತು. ಕಣ್ಣು ಮುಚ್ಚಿದೆ, ಬೀದಿದೀಪಗಳು ಕರಗಿದವು, ಬಟ್ಟಲು ಬರಿದಾಯಿತು.

ಕಣ್ಣು ತೆರೆದಾಗ ನಮ್ಮವರು ಮೊಮ್ಮಗಳ ಮುಂದೆ ನೀಲಿ ಪುಸ್ತಕ ಸರಿಸುತ್ತಿದ್ದರು.

“ಬರಿ ಮಗಾ. ರಸವೂ ಮಾಂಸವೇ. ಅಜ್ಜಿಗೆ ಬರುವ ವರ್ಷವೂ ಗಂಜಿ.”