ಉಪ್ಪುನೀರಿನ ಬದನೆಕಾಯಿ

ನಮ್ಮ ಚಿಗವ್ವನ ಮನೆಯಲ್ಲಿ ಉಂಡವರು ಪಾಸಾಗಲೇಬೇಕು. ಫೇಲಾದರೆ ಮರುಪರೀಕ್ಷೆ ಇರುತ್ತದೆ, ಅದಕ್ಕೂ ಉಣ್ಣಬೇಕು! ಇಂಥ ಮನೆ ಸವಣೂರು ತಾಲ್ಲೂಕಿನಲ್ಲಿ ಇನ್ನೊಂದಿದ್ದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಹತ್ತಿಮತ್ತೂರಿನಲ್ಲಿ ಒಂದು ಮನೆ, ಹಿಂದೆ ಹಿತ್ತಲು, ಹಿತ್ತಲ ತುಂಬ ಬದನೆ ಗಿಡ. ನಿವೃತ್ತಿ ಆದದ್ದು ಅವಳಿಗೆ, ಪಾಠಕ್ಕಲ್ಲ. ವಿದ್ಯಾರ್ಥಿಗಳು ಇಲ್ಲದಿದ್ದರೇನಂತೆ, ನೆಂಟರಿಲ್ಲವೇ?

ಹಸಿರು ಬದನೆಯ ಹೂವಿನ ಕೇಸರಗಳನ್ನು ಚಿಮಟದಿಂದ ಕಿತ್ತು, ನೇರಳೆ ಬದನೆಯ ಪರಾಗ ಸವರಿ, ಮೇಲೊಂದು ಕಾಗದದ ಟೊಪ್ಪಿಗೆ ಕಟ್ಟುತ್ತಾಳೆ. ಬೇಲಿಯಾಚೆಯ ಹೆಣ್ಣುಮಗಳೊಬ್ಬಳು ಒಮ್ಮೆ ಕೇಳಿದಳು:

"ಅಕ್ಕಾರ, ಬದನಿ ಹೂವಿಗೆ ಟೊಪಗಿ ಯಾಕ ಹಾಕೀರ್ರೀ? ಥಂಡಿ ಆಗೇತೇನು?"

"ಲಗ್ನ ಆಗೇತಿ. ಬ್ಯಾರೇವ್ರು ಸುಳೀಬಾರದಂತ ಬಾಗಲಾ ಹಾಕೇನಿ!"

ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಹೆತ್ತವರ ಬಣ್ಣ ಮಕ್ಕಳಿಗೆ ಬರುವ ಪಾಠಕ್ಕೆ ಸಾಮಾನು ಎಂದರೆ ಎರಡು ಬಟ್ಟೆಯ ಚೀಲ. ಒಂದು ಅವ್ವನದು, ಒಂದು ಅಪ್ಪನದು. ಎರಡರಲ್ಲೂ ನೇರಳೆ ಮತ್ತು ಹಸಿರು ಮಣಿಗಳು. ಕಣ್ಣು ಮುಚ್ಚಿ ಒಂದೊಂದರಿಂದ ಒಂದೊಂದು ಮಣಿ ತೆಗೆಯಬೇಕು. ಒಂದು ನೇರಳೆ ಬಂದರೂ ಹುಟ್ಟುವ ಕಾಯಿ ನೇರಳೆ. ಎರಡೂ ಹಸಿರಾದರೆ ಮಾತ್ರ ಹಸಿರು. ತಡಸದಿಂದ ಲಗ್ನಪತ್ರಿಕೆ ಕೊಡಲು ಬಂದ ಬೀಗರೊಬ್ಬರ ಕೈಗೆ ಎರಡೂ ಹಸಿರೇ ಬಂದವು.

"ನಿಮ್ಮ ಮಗ ಹಸರು ಹುಟ್ಯಾನ್ರೀ!"

"ಏ ಇಲ್ರೀ ಅಕ್ಕಾರ, ಅಂವ ಕರ್ರಗದಾನ. ಫೋಟೋ ತೋರಿಸ್ಲೇನು?" ಎಂದು ಅವರು ಮೊಬೈಲು ತೆಗೆದೇಬಿಟ್ಟರು.

ಆಮೇಲೆ ಊಟ. ತಾಟಿನಲ್ಲಿ ಮೂರು ಬದನೆಕಾಯಿ: ತಾಯಿ, ತಂದೆ, ಮಗಳು. ಎಣಗಾಯಿ ಎಂದುಕೊಂಡಿರಾ? ಗುರೆಳ್ಳು ಇಲ್ಲ, ಶೇಂಗಾ ಇಲ್ಲ, ಖಾರ ಇಲ್ಲ! ಮಸಾಲೆ ಹಾಕಿದರೆ ತಳಿಯ ಗುಣ ಮುಚ್ಚಿಹೋಗುತ್ತದಂತೆ. ಬರೀ ಉಪ್ಪುನೀರಿನಲ್ಲಿ ಬೇಯಿಸಿದ್ದು. ತಿಂದು "ಚಲೋ ಐತಿ" ಎಂದಿರೋ, ಕೆಟ್ಟಿರಿ.

"ಚಲೋ ಅಂದ್ರ ಏನು? ಕಹಿ ಎಲ್ಲಿ ಹತ್ತಿತು, ನಾಲಗಿಗೋ ಗಂಟಲಕ್ಕೋ? ತಿರುಳು ಮೆತ್ತಗೈತೋ, ನಾರು ಐತೋ? ಬಿಡಿಸಿ ಹೇಳು!"

ಇದರಿಂದ ನಮ್ಮ ಬಳಗದಲ್ಲಿ ದೈವಭಕ್ತಿ ವಿಪರೀತ ಹೆಚ್ಚಿತು. ಹತ್ತಿಮತ್ತೂರಿಗೆ ಹೋದ ದಿನ ಎಲ್ಲರಿಗೂ ಉಪವಾಸ! ಸೋಮವಾರ ಹೋದವರಿಗೆ ಸೋಮವಾರದ್ದು, ಬುಧವಾರ ಹೋದವರಿಗೂ ಸೋಮವಾರದ್ದು. ಬರಬರುತ್ತ ಹೋಗುವುದನ್ನೇ ಬಿಟ್ಟರು. ಶಾಲೆಯ ಮಾಸ್ತರರಿಗೆ ಮಕ್ಕಳನ್ನಾದರೂ ಕಳಿಸಿ ಎಂದು ಕೇಳಿದಳು. "ಅದೆಲ್ಲಾ ಈಗ ವಿಡಿಯೋದಾಗ ತೋರಸ್ತೇವ್ರೀ" ಎಂದರಂತೆ. ಒಬ್ಬಳೇ ಬೆಳೆಯುತ್ತ, ಒಬ್ಬಳೇ ಬೇಯಿಸುತ್ತ, ಒಬ್ಬಳೇ ಉಣ್ಣುತ್ತ ಉಳಿದಳು. ಅವಳಿಗೆ ಬೇಕಾದದ್ದು ಇಷ್ಟೇ: ಯಾರಾದರೂ ಬಂದು ಎದುರಿಗೆ ಕುಳಿತು ಉಂಡು, ಹೇಗಿದೆ ಎಂದು ಹೇಳಬೇಕು. ಅಷ್ಟೂ ಸಿಗದಷ್ಟು ದೊಡ್ಡ ಬಳಗ ನಮ್ಮದು!

ಮೊನ್ನೆ ಅವಳ ಫೋನು ಬಂತು. "ಆ ಮಗಳ ಬೀಜ ಹಾಕಿದ್ನಲ್ಲಾ, ಮೊಮ್ಮಕ್ಕಳು ಕಾಯಿ ಬಿಟ್ಟಾವೋ! ಒಂದೊಂದ ಗಿಡದ್ದು ಒಂದೊಂದ ಗುಣ. ಬಲಿತ್ರ ತಿನ್ನಾಕ ಬರೂದಿಲ್ಲ. ರವಿವಾರ ಬಂದಬಿಡು. ಎಲ್ಲಾರಿಗೂ ಹೇಳೇನಿ."

ಹಾನಗಲ್ಲಿನಿಂದ ಬಸ್ಸು ಬದಲಿಸಿ ಬದಲಿಸಿ ಹೋದೆ. ಪಡಸಾಲೆಯಲ್ಲಿ ತಾಟುಗಳ ಸಾಲು, ಪ್ರತಿ ತಾಟಿನ ಪಕ್ಕ ನೀರಿನ ಲೋಟ.

"ಉಳಿದಾವ್ರು ಎಲ್ಲಿ?"

"ಬರ್ತಾರ ಕುಂದರು. ಬಸ್ ತಡಾ ಆಗಿರಬೇಕು."

ಮಧ್ಯಾಹ್ನ ಇಳಿಯಿತು. ಯಾರೂ ಬರಲಿಲ್ಲ. ಅವಳು ತಾಟುಗಳನ್ನು ಒಂದರ ಮೇಲೊಂದು ಇಟ್ಟು ಒಳಗೊಯ್ದಳು.

ಇಬ್ಬರೇ ಕುಳಿತೆವು. ಒಂದು ಕಾಯಿ ಸೀಳಿ ನನಗೊಂದು ಹೋಳು, ತನಗೊಂದು ಹೋಳು ಹಾಕಿದಳು. ಬಾಯಿಗಿಟ್ಟೆ. ಅಯ್ಯಯ್ಯೋ, ಬೇವಿನ ರಸ! ಕಣ್ಣಲ್ಲಿ ನೀರು ಬಂತು. ಅವಳತ್ತ ನೋಡಿದೆ. ಅದೇ ಕಾಯಿಯನ್ನು ಸಾವಕಾಶ ಅಗಿಯುತ್ತಿದ್ದಾಳೆ, ಮುಖದಲ್ಲಿ ಒಂದು ಗೆರೆಯೂ ಅಲುಗಿಲ್ಲ.

"ಚಿಗವ್ವಾ, ನಿನಗ ಕಹಿ ಹತ್ತವಲ್ದೇನು?"

ಅಗಿಯುವುದನ್ನು ನಿಲ್ಲಿಸಿದಳು.

"ನನಗ ಏನೂ ಹತ್ತೂದಿಲ್ಲೋ. ಆ ಕೊರೊನಾ ಜ್ವರ ಬಂದು ಹೋದ ಮ್ಯಾಲೆ ರುಚಿ ಹೋತು, ವಾಸನೀನೂ ಹೋತು. ಪೇಡೆನೂ ಅಷ್ಟ, ಹಾಗಲಕಾಯಿನೂ ಅಷ್ಟ."

"ಯಾರಿಗೂ ಹೇಳಲೇ ಇಲ್ಲಲ್ಲಬೇ!"

"ಹೇಳಿದ್ರ 'ಅಡಗಿ ಮಾಡೂದು ಬಿಡು, ಡಬ್ಬಿ ತರಸ್ಕೋ' ಅಂತೀರಿ. ಆಮ್ಯಾಲೆ ನಾ ಯಾರನ್ನ, ಏನಂತ ಊಟಕ್ಕ ಕರೀಲಿ?"

ಆ ಕಹಿಯದೇ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡೆ.

"ಮೊದಲ ಬರೇ ಉಪ್ಪು," ಎಂದೆ. "ಆಮ್ಯಾಲೆ ತಿರುಳು ಬೆಣ್ಣಿ ಹಂಗ ಕರಗತೈತಿ. ಚಲೋ ಐತಿ ಅನ್ನೂದ್ರಾಗ ನಾಲಗಿ ಹಿಂದಿನಿಂದ ಕಹಿ ಏಳತೈತಿ ನೋಡು! ಗಂಟಲದಾಗ ಹೋಗಿ ಕುಂತ್ರ ನೀರು ಕುಡದ್ರೂ ಏಳೂದಿಲ್ಲ."

ಚಿಗವ್ವ ಕಣ್ಣು ಮುಚ್ಚಿ ತನ್ನ ಹೋಳನ್ನು ನಿಧಾನವಾಗಿ ಅಗಿದಳು. ನುಂಗಿದಳು. ಆಮೇಲೆ ಮುಖ ಕಿವುಚಿ, ಲೋಟಕ್ಕೆ ಕೈ ಹಾಕಿದಳು.

"ಹೌದಪಾ," ಎಂದಳು, "ಭಾಳ ಕಹಿ ಐತಿ."